ಗಾಯಾಳುವಿನ ಸ್ವಂತ ಕೈಬರಹ

ಫೆಬ್ರವರಿ 9

ಅಕ್ಕಾ,

ಕೊನೆಗೂ ವಿಮಾನ ಕಂಪನಿಯವರು ಬಾಯಿ ಬಿಟ್ಟರು. ಮೂರು ವಾರ ಫೋನ್ ಮಾಡಿದ್ದಕ್ಕೆ ಬರೀ ಸಂಗೀತ ಕೇಳಿಸಿದರು, ಈಗ ಅರ್ಧ ಪುಟದ ಪತ್ರ ಬಂದಿದೆ. ನಿನ್ನ ಕೈಯ ಆಪರೇಷನ್ನನ್ನು ತಮ್ಮ ಕಡೆಯ ಆಸ್ಪತ್ರೆಯಲ್ಲೇ ಮಾಡಿಸಲು ಅವರಿಗೇನೂ ಅಡ್ಡಿಯಿಲ್ಲವಂತೆ. ಆದರೆ ನಡೆದದ್ದನ್ನು ಗಾಯಾಳುವೇ ತನ್ನ ಸ್ವಂತ ಕೈಬರಹದಲ್ಲಿ, 'ನಾನು' ಎಂದೇ ಬರೆದು ಸಹಿ ಹಾಕಿ ಕಳಿಸಬೇಕಂತೆ. ಟೈಪು ಮಾಡಿದ್ದು ನಡೆಯುವುದಿಲ್ಲ, ಬೇರೆಯವರು ಬರೆದುಕೊಟ್ಟದ್ದೂ ನಡೆಯುವುದಿಲ್ಲ.

ತೊಡಕಿರುವುದೇ ಇಲ್ಲಿ. ಅವರ ಪಟ್ಟಿಯ ಪ್ರಕಾರ ಆ ದಿನ ಹದಿನೇಳನೇ ಸಾಲಿನ ಕಿಟಕಿಯ ಪಕ್ಕ ಕೂತಿದ್ದವಳು ನಾನು. ಟಿಕೆಟ್ ನನ್ನ ಹೆಸರಿನದು, ಗುರುತಿನ ಚೀಟಿ ನನ್ನದು. ಚೀಟಿಯ ಮೇಲಿನ ಮುಖ ಮಾತ್ರ ನಮ್ಮಿಬ್ಬರದೂ. ನಿಜ ಹೇಳಿದರೆ ಬೇರೆಯವಳ ಚೀಟಿ ಹಿಡಿದು ವಿಮಾನ ಹತ್ತಿದ್ದಕ್ಕೆ ನಿನ್ನನ್ನೂ, ಕೊಟ್ಟಿದ್ದಕ್ಕೆ ನನ್ನನ್ನೂ ಪೊಲೀಸರಿಗೆ ಒಪ್ಪಿಸಿಯಾರು. ಜೂನ್ ಕಳೆಯುವುದರೊಳಗೆ ಆಪರೇಷನ್ ಆಗದಿದ್ದರೆ ಬೆರಳುಗಳು ಮಡಚಿದಲ್ಲೇ ನಿಲ್ಲುತ್ತವೆ ಎಂದು ನಿನ್ನ ಡಾಕ್ಟರು ಹೇಳಿದ್ದಾರೆ. ಬೆರಳು ನಿಂತರೆ ನಿನ್ನ ಕತ್ತರಿಯೂ ನಿಂತ ಹಾಗೆ.

ಅದಕ್ಕೇ ಏನಾಯಿತೆಂದು ನೀನು ಬರೆದು ಕಳಿಸು. ನಾನು ನನ್ನ ಕೈಯಲ್ಲಿ ನಕಲು ಮಾಡಿ ಸಹಿ ಹಾಕುತ್ತೇನೆ. ಆಪರೇಷನ್ ದಿನ ನೀನು ನಾನಾಗಿ ಹೋಗಿ ಮಲಗು. ಒಮ್ಮೆ ಮಾಡಿದ್ದನ್ನು ಇನ್ನೊಮ್ಮೆ ಮಾಡುವುದು ತಾನೆ? ಫೋನಿನಲ್ಲಿ ಹೇಳಬೇಡ. ಹದಿನಾಲ್ಕು ವರ್ಷ ಪ್ರೆಸ್ಸಿನಲ್ಲಿ ಬೇರೆಯವರ ಕರಡು ತಿದ್ದಿದವಳು ನಾನು, ಕಾಗದದ ಮೇಲಿದ್ದರೇ ನನ್ನ ತಲೆಗೆ ಹತ್ತುವುದು. ಮತ್ತೆ ಫೋನಿನಲ್ಲಿ ನಿನ್ನ ದನಿ ಕೇಳಿದರೆ ಅಮ್ಮನ ವಿಷಯ ಕೇಳಬೇಕಾಗುತ್ತದೆ. ನನಗಿನ್ನೂ ಆ ಧೈರ್ಯ ಬಂದಿಲ್ಲ.

ಓದಿದ ಮೇಲೆ ನನ್ನ ಪತ್ರಗಳನ್ನು ಸುಟ್ಟುಬಿಡು. ಯಾರ ಕೈಗಾದರೂ ಸಿಕ್ಕರೆ ಕಷ್ಟ.

ನಿನ್ನ ತಂಗಿ


ಫೆಬ್ರವರಿ 14

ಬಾಲವೇ,

ಈ ಕಾಗೆಕಾಲಿನ ಅಕ್ಷರ ನೋಡಿ ನಗಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಮ್ಮ ಕರೆಯುತ್ತಿದ್ದ ಹೆಸರಿನಿಂದ ಕರೆದೆನೆಂದು ಸಿಟ್ಟಾಗಲೂಬೇಡ. ನಾನು ಹುಟ್ಟಿ ಹನ್ನೊಂದು ನಿಮಿಷಕ್ಕೆ ನನ್ನ ಹಿಂದೆಯೇ ಬಂದವಳು ಬಾಲವಲ್ಲದೆ ಇನ್ನೇನು?

ಮೊದಲು ನಕಲು ಮಾಡಬಾರದ ಭಾಗ. ಅಮ್ಮನಿದ್ದ ಆಸ್ಪತ್ರೆಯ ನರ್ಸ್ ನಿನಗೇ ಫೋನ್ ಮಾಡಿ, "ನಿಮ್ಮನ್ನೇ ಕೇಳ್ತಿದಾರೆ, ಇವತ್ತೇ ಬಂದುಬಿಡಿ" ಅಂದಿದ್ದಳು. ನೀನೇ ಟಿಕೆಟ್ ತೆಗೆದೆ. ನಿನ್ನನ್ನು ಬಿಟ್ಟುಬರಲು ನಾನು ಬೆಳಗಿನ ರೈಲು ಹತ್ತಿ ನಿನ್ನೂರಿಗೆ ಬಂದೆ. ಏರ್‌ಪೋರ್ಟಿನ ಗಾಜಿನ ಬಾಗಿಲ ಹತ್ತಿರ ನೀನು ಬೆವೆತು ನಿಂತುಬಿಟ್ಟೆ. "ನನ್ ಕೈಲಾಗಲ್ಲ ಅಕ್ಕ. ಅಮ್ಮನ ಬಾಗಿಲ ಮುಂದೆ ಇನ್ನೊಂದ್ಸಲ ನಿಲ್ಲಕ್ಕೆ ನನ್ ಕೈಲಾಗಲ್ಲ" ಅಂದೆ. ಗಂಡನ ಮನೆ ಬಿಟ್ಟು ಪೆಟ್ಟಿಗೆ ಹಿಡಿದು ಬಂದ ನಿನ್ನ ಮುಖದ ಮೇಲೆ ಅಮ್ಮ ಬಾಗಿಲು ಹಾಕಿ ಆಗಲೇ ಮೂರು ವರ್ಷ. ಆಮೇಲೆ ನೀವಿಬ್ಬರೂ ಒಂದು ಮಾತೂ ಆಡಿರಲಿಲ್ಲ. ವಿಮಾನದಲ್ಲಿ ಬೇರೆ ಸೀಟಿರಲಿಲ್ಲ. ನಿನ್ನ ಚೀಟಿ ಕಿತ್ತುಕೊಂಡು ನಾನು ಒಳಗೆ ಹೋದೆ.

ಇಲ್ಲಿಂದ ನಕಲು ಮಾಡು. ಇಳಿಯಲು ಇನ್ನು ಇಪ್ಪತ್ತು ನಿಮಿಷವಿತ್ತು. ವಿಮಾನ ಒಮ್ಮೆ ಧೊಪ್ಪನೆ ಕುಸಿದು ಎದ್ದಿತು. ತಲೆಯ ಮೇಲೆ ಸಾಮಾನಿಡುವ ಗೂಡಿನ ಮುಚ್ಚಳ ತೆರೆದುಕೊಂಡು, ತಗಡಿನ ಮೂಲೆಯ ಪೆಟ್ಟಿಗೆಯೊಂದು ಕೆಳಗೆ ಬಿತ್ತು. ನನ್ನ ಬಲಗೈ ಸೀಟಿನ ತೋಳಿನ ಮೇಲಿತ್ತು. ಹೆಬ್ಬೆರಳಿನ ಬುಡಕ್ಕೂ ಪಕ್ಕದ ಎರಡು ಬೆರಳಿಗೂ ಪೆಟ್ಟು. ಗಗನಸಖಿ ಮಂಜುಗಡ್ಡೆ ತಂದು ಒತ್ತಿ, ಪುಸ್ತಕದಲ್ಲಿ ಹೆಸರು ಬರೆದುಕೊಂಡಳು. "ಈ ಪೆಟ್ಟಿಗೆ ಯಾರದು?" ಎಂದು ಎರಡು ಸಲ ಕೂಗಿ ಕೇಳಿದಳು. ಯಾರೂ ಕೈಯೆತ್ತಲಿಲ್ಲ. ಇದೊಂದನ್ನು ಬರೆಯಬೇಡ, ಆದರೂ ಹೇಳಿಬಿಡುತ್ತೇನೆ: ನೋಡಲು ನಿನ್ನ ಆ ಹಳೆಯ ಪೆಟ್ಟಿಗೆಯಂತೆಯೇ ಇತ್ತು.

ಕತ್ತರಿ ಹಿಡಿಯಲಾಗುತ್ತಿಲ್ಲ ಕಣೇ. ಇಪ್ಪತ್ತು ವರ್ಷ ಕೋಟು ಕತ್ತರಿಸಿದ ನನ್ನನ್ನು ಅಂಗಡಿಯ ಮಾಲೀಕರು ಈಗ ಮೂಲೆಯಲ್ಲಿ ಕೂರಿಸಿ ಗುಂಡಿ ವಿಂಗಡಿಸಲು ಹಚ್ಚಿದ್ದಾರೆ. ಕಪ್ಪು ಗುಂಡಿ ಒಂದು ಡಬ್ಬಿಗೆ, ಕಂದು ಗುಂಡಿ ಇನ್ನೊಂದಕ್ಕೆ. ಅಳು ಬರುತ್ತದೆ.

ಅಮ್ಮನ ವಿಷಯ ನೀನಾಗಿ ಕೇಳುವ ತನಕ ನಾನು ಎತ್ತುವುದಿಲ್ಲ.

ನಿನ್ನ ಅಕ್ಕ


ಫೆಬ್ರವರಿ 28

ಮಾನ್ಯರೇ,

ಹದಿನೇಳನೇ ಸಾಲಿನ ಕಿಟಕಿಯ ಆಸನದಲ್ಲಿ ಉಂಟಾದ ಗಾಯದ ಕುರಿತು ತಾವು ಬರೆದ ಪತ್ರ ತಲುಪಿದೆ. ವಿಷಾದಿಸುತ್ತೇವೆ.

ತಮ್ಮ ವಿವರಣೆಯಲ್ಲಿ 'ಪೆಟ್ಟು ಬಿತ್ತು', 'ತುಂಬ ನೋವಿದೆ' ಎಂಬ ಮಾತುಗಳಿವೆ. ಇವು ಯಾರು ಬೇಕಾದರೂ ಬರೆಯಬಹುದಾದ ಮಾತುಗಳು. ಬಲಗೈಗೆ ಗಾಯವಾದವರ ಕೈಬರಹ ಇಷ್ಟು ಸರಾಗವಾಗಿರುವುದೂ ನಮ್ಮ ಗಮನಕ್ಕೆ ಬಂದಿದೆ. ಆದ್ದರಿಂದ ನೋವನ್ನು ಗಾಯಾಳುವಿಗೆ ಮಾತ್ರ ಗೊತ್ತಿರಬಹುದಾದ ರೀತಿಯಲ್ಲಿ ಮತ್ತೊಮ್ಮೆ ಬರೆದು ಕಳಿಸತಕ್ಕದ್ದು. ಲಗತ್ತಿಸಿರುವ ಕೈಯ ಚಿತ್ರದಲ್ಲಿ ನೋವಿರುವ ಜಾಗಗಳನ್ನು ಗುರುತಿಸಿ, ಪ್ರತಿಯೊಂದು ಗುರುತಿನ ಪಕ್ಕ ಸಹಿ ಹಾಕತಕ್ಕದ್ದು.

ಅವಸರವೇನಿಲ್ಲ. ಬರೆದಷ್ಟೂ ಸ್ಪಷ್ಟವಾಗುತ್ತದೆ ಎಂಬುದು ನಮ್ಮ ಅನುಭವ.

ತಮ್ಮ ವಿಶ್ವಾಸಿ,
ಅಧಿಕಾರಿ, ಗಾಯ ಮತ್ತು ದೂರು ವಿಭಾಗ


ಮಾರ್ಚ್ 4

ಅಕ್ಕಾ,

ಪುಣ್ಯಾತ್ಮರಿಗೆ ನಮ್ಮ ನೋವು ಸಾಲಲಿಲ್ಲ. ನನ್ನ ಅಕ್ಷರ ಚೆನ್ನಾಗಿರುವುದೇ ತಪ್ಪಾಯಿತು. ಪ್ರೆಸ್ಸಿನಲ್ಲಿ ಇದೇ ಅಕ್ಷರಕ್ಕೆ ನನ್ನನ್ನು ಹೊಗಳುತ್ತಾರೆ, ಇಲ್ಲಿ ಅನುಮಾನಪಡುತ್ತಾರೆ.

ಆದರೆ ಅವರು ಹೇಳುವುದರಲ್ಲಿ ಹುರುಳಿದೆ. 'ತುಂಬ ನೋವಿದೆ' ಎಂಬ ಸಾಲು ನನ್ನ ಮೇಜಿನ ಮೇಲೆ ಬಂದಿದ್ದರೆ ನಾನೂ ಕೆಂಪು ಗೆರೆ ಎಳೆಯುತ್ತಿದ್ದೆ. ಎಲ್ಲಿ ನೋವು? ಯಾವ ಹೊತ್ತಿಗೆ ಹೆಚ್ಚು? ಹೇಗಿದೆ? ಕೋಟಿಗೆ ಅಳತೆ ತೆಗೆಯುವಾಗ ಅರ್ಧ ಬೆರಳಿನ ವ್ಯತ್ಯಾಸವನ್ನೂ ನೀನು ಬಿಡುವವಳಲ್ಲ. ಹಾಗೆಯೇ ಅಳೆದು ಬರೆ. ಕೈಯ ಚಿತ್ರವನ್ನು ಕಳಿಸಿದ್ದೇನೆ, ಪೆನ್ಸಿಲಿನಲ್ಲಿ ಗುರುತು ಮಾಡಿ ವಾಪಸ್ ಕಳಿಸು.

ಇನ್ನೊಂದು ತಮಾಷೆ. ಆ ಮೊದಲ ಪತ್ರವನ್ನು ಅಂಚೆಗೆ ಹಾಕಿ ಮನೆಗೆ ಬಂದವಳು ಟೀ ಲೋಟವನ್ನು ಕೈಜಾರಿಸಿ ಒಡೆದೆ. ಮಾರನೆಯ ದಿನ ಇನ್ನೊಂದು. ನಿನ್ನ ಬಗ್ಗೆ ಯೋಚಿಸಿ ಯೋಚಿಸಿ ನನಗೂ ಕೈ ಸೋತಿದೆ.

ನಿನ್ನ ತಂಗಿ


ಮಾರ್ಚ್ 11

ಬಾಲವೇ,

ಅಳೆದು ಬರೆದಿದ್ದೇನೆ, ತಗೋ.

ಹೆಬ್ಬೆರಳಿನ ಬುಡದಲ್ಲಿ ಸೂಜಿ ಮುರಿದು ತುದಿ ಒಳಗೇ ಉಳಿದ ಹಾಗಿದೆ. ಒತ್ತಿದರೆ ನೋಯುವುದಿಲ್ಲ, ಬಿಟ್ಟಾಗ ನೋಯುತ್ತದೆ. ತೋರುಬೆರಳು ಬೆಳಿಗ್ಗೆ ಎದ್ದಾಗ ತಣ್ಣಗಿರುತ್ತದೆ, ಬೇರೆ ಯಾರದೋ ಬೆರಳು ನನ್ನ ಕೈಯಲ್ಲಿರುವಂತೆ. ನಡುಬೆರಳಿಗೆ ದಾರ ಕಟ್ಟಿ ಮೊಣಕೈ ಕಡೆಯಿಂದ ಯಾರೋ ಜಗ್ಗುತ್ತಾರೆ. ಮುಚ್ಚಿದ ಬಾಗಿಲಿನ ಹಿಡಿಕೆ ತಿರುಗಿಸುವಾಗ ಜಾಸ್ತಿ. ಮತ್ತೆ, ದಿನಾ ಮಧ್ಯಾಹ್ನ ನಾಲ್ಕು ಗಂಟೆಗೆ ಸರಿಯಾಗಿ ಮೂರೂ ಕಡೆ ಒಟ್ಟಿಗೆ ಬರುತ್ತದೆ. ಹತ್ತು ನಿಮಿಷ ಇದ್ದು ಹೋಗುತ್ತದೆ. ನಾಲ್ಕು ಗಂಟೆಗೆ ಯಾಕೆಂದು ನನಗೆ ಗೊತ್ತು, ಅವರಿಗೆ ಬೇಕಾಗಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಹಗುರವೆನಿಸಿತು. ನೋವನ್ನು ಇಷ್ಟು ಶ್ರದ್ಧೆಯಿಂದ ಯಾರೂ ಕೇಳಿರಲಿಲ್ಲ. ಇಲ್ಲಿನ ಡಾಕ್ಟರು "ನೋಯುತ್ತಾ? ನೋಯುತ್ತೆ ಬಿಡಿ" ಎನ್ನುತ್ತಾರೆ, ಅಷ್ಟೇ.

ನೀನು ಲೋಟ ಒಡೆಯುವುದು ಹೊಸದೇನಲ್ಲ. ಚಿಕ್ಕಂದಿನಲ್ಲೂ ಒಡೆದವಳು ನೀನು, ಬೈಸಿಕೊಂಡವಳು ನಾನು.

ನಿನ್ನ ಅಕ್ಕ


ಏಪ್ರಿಲ್ 10

ಅಕ್ಕಾ,

ಕಂಪನಿಯ ಡಾಕ್ಟರು ಬಂದಿದ್ದರು. ಹೇಳದೆ ಕೇಳದೆ, ನಿನ್ನೆ ಮಧ್ಯಾಹ್ನ ಮೂರೂಮುಕ್ಕಾಲಿಗೆ ಬಾಗಿಲು ತಟ್ಟಿದರು. ನಿನ್ನನ್ನು ಕರೆಸುವ ಹಾಗೂ ಇರಲಿಲ್ಲ. ನಾಟಕವಾಡಿದರಾಯಿತು ಎಂದುಕೊಂಡೆ. ಇಂಥ ಸಂದರ್ಭ ಬರಬಹುದೆಂದು ನೀನು ಬರೆದದ್ದನ್ನೆಲ್ಲ ನಾನು ಬಾಯಿಪಾಠ ಮಾಡಿದ್ದೆ.

ಬೂದು ಅಂಗಿಯ, ಮೆತ್ತನೆ ಮಾತಿನ ಮನುಷ್ಯ. ಬ್ಯಾಗನ್ನೂ ತೆರೆಯಲಿಲ್ಲ. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಎದುರಿಗೆ ಕೂತರು. "ನಾಲ್ಕು ಗಂಟೆಗೆ ಅಲ್ವಾ ನೀವು ಬರೆದಿದ್ದು? ಇನ್ನೇನು ಆಗೋಯ್ತು. ಕಾಯೋಣ ಬಿಡಿ" ಅಂದರು.

ಇಬ್ಬರೂ ಗಡಿಯಾರ ನೋಡುತ್ತ ಕೂತೆವು. ಯಾವಾಗ ಮುಖ ಕಿವುಚಬೇಕು, ಎಷ್ಟು ಜೋರಾಗಿ ಕೂಗಬೇಕು ಎಂದು ನಾನು ಮನಸ್ಸಿನಲ್ಲೇ ತಯಾರಿ ನಡೆಸಿದ್ದೆ. ಮುಳ್ಳು ಹನ್ನೆರಡಕ್ಕೆ ಬಂತು. ಅಕ್ಕಾ, ನಾನೇನೂ ಮಾಡಲಿಲ್ಲ. ಹೆಬ್ಬೆರಳ ಬುಡದಲ್ಲಿ ಸೂಜಿ ಮುರಿಯಿತು. ತೋರುಬೆರಳು ತಣ್ಣಗಾಯಿತು. ಮೊಣಕೈಯಿಂದ ಯಾರೋ ದಾರ ಜಗ್ಗಿದರು. "ಅಮ್ಮಾ" ಎಂದು ಕಿರುಚಿದೆ. ನಾನು ಹಾಗೆ ಕೂಗಿ ಕರೆದು ಮೂರು ವರ್ಷವಾಗಿತ್ತು.

ಹತ್ತು ನಿಮಿಷವಾದ ಮೇಲೆ ಅವರು ಗಡಿಯಾರ ಕಟ್ಟಿಕೊಂಡು, "ಸರಿಯಾಗಿದೆ, ಬರೆದ ಹಾಗೇ ಇದೆ" ಎಂದು ಎದ್ದರು. ಇವತ್ತು ಬೆಳಿಗ್ಗೆ ನಾನೇ ಹೋಗಿ ಎಕ್ಸ್-ರೇ ತೆಗೆಸಿದೆ. ಹೆಬ್ಬೆರಳ ಬುಡದ ಮೂಳೆಯಲ್ಲಿ ಬಿರುಕಿದೆ. ಎರಡು ಮೂರು ತಿಂಗಳ ಹಿಂದಿನ ಬಿರುಕಂತೆ.

ನಾನು ಎಲ್ಲೂ ಬಿದ್ದಿಲ್ಲ. ನನ್ನ ಕೈ ಮೇಲೆ ಏನೂ ಬಿದ್ದಿಲ್ಲ. ನಿನ್ನ ಕೈ ಹೇಗಿದೆ, ನಿಜ ಹೇಳು.

ನಿನ್ನ ತಂಗಿ


ಏಪ್ರಿಲ್ 16

ಬಾಲವೇ,

ಈ ಅಕ್ಷರ ನೋಡು. ಬಲಗೈಯಲ್ಲಿ ಬರೆದದ್ದು.

ಹೇಳಬೇಕೆಂದಿದ್ದೆ, ಹೇಳಲಿಲ್ಲ. ಮಾರ್ಚ್ ಮೂರನೇ ವಾರ ಬೆರಳು ಅಲ್ಲಾಡಿತು. ಕೈಯ ಚಿತ್ರಕ್ಕೆ ಸಹಿ ಹಾಕಿ ಅಂಚೆಗೆ ಹಾಕಿದೆನೆಂದು ನೀನು ಬರೆದಿದ್ದೆಯಲ್ಲ, ಅದೇ ವಾರ. ಎಣ್ಣೆ ತಿಕ್ಕಿದ್ದು ಫಲ ಕೊಟ್ಟಿತೆಂದು ಹಿಗ್ಗಿದೆ. ಹೋದ ಗುರುವಾರ ಅಂಗಡಿಯಲ್ಲಿ ನಾಲ್ಕು ಗಂಟೆಗೆ ಹಲ್ಲು ಕಚ್ಚಿ ಕೂತಿದ್ದೆ. ನೋವು ಬರಲೇ ಇಲ್ಲ. ಎದ್ದು ಹೋಗಿ ದೊಡ್ಡ ಕತ್ತರಿ ಹಿಡಿದು ಒಂದೇ ಏಟಿಗೆ ಒಂದು ಕೋಟಿನ ಬಟ್ಟೆಯನ್ನು ಕತ್ತರಿಸಿಬಿಟ್ಟೆ. ಮಾಲೀಕರು, "ನೋಡ್ರೋ, ಯಮ್ಮ ವಾಪಸ್ ಬಂದ್ಲು" ಎಂದು ಚಪ್ಪಾಳೆ ತಟ್ಟಿದರು. ನಾನು ನಕ್ಕೆ. ಅದೇ ಗುರುವಾರ ಅದೇ ಹೊತ್ತಿಗೆ ನೀನು ಆ ಡಾಕ್ಟರ ಎದುರು ಕಿರುಚುತ್ತಿದ್ದೆ ಎಂದು ನಿನ್ನ ಪತ್ರ ಬಂದ ಮೇಲೆ ತಿಳಿಯಿತು. ನಾಚಿಕೆಯಾಗುತ್ತಿದೆ, ಭಯವೂ ಆಗುತ್ತಿದೆ.

ನಿಲ್ಲಿಸು. ಇನ್ನೊಂದಕ್ಷರ ಬರೆಯಬೇಡ. ದೂರು ವಾಪಸ್ ತೆಗೆದುಕೊಳ್ಳುತ್ತೇನೆಂದು ಅವರಿಗೆ ತಿಳಿಸು. ನನ್ನ ನೋವು ನನಗೆ ಬೇಕು. ನಿನ್ನ ಪತ್ರಗಳನ್ನೆಲ್ಲ ಒಲೆಗೆ ಹಾಕಿದ್ದೇನೆ. ನನ್ನವನ್ನು ನೀನೂ ಹಾಕು.

ನಿನ್ನ ಅಕ್ಕ


ಏಪ್ರಿಲ್ 25

ಮಾನ್ಯರೇ,

ದೂರನ್ನು ಹಿಂಪಡೆಯುವುದಾಗಿ ತಾವು ಬರೆದ ಪತ್ರ ತಲುಪಿದೆ. ದೂರನ್ನು ಹಿಂಪಡೆಯಲು ಅವಕಾಶವಿದೆ. ಗಾಯವನ್ನು ಹಿಂಪಡೆಯಲು ನಮ್ಮಲ್ಲಿ ಯಾವುದೇ ನಮೂನೆ ಇರುವುದಿಲ್ಲ. ಹದಿನೇಳನೇ ಸಾಲಿನಲ್ಲಿ ಪೆಟ್ಟು ಬಿದ್ದಿರುವುದು ದಾಖಲೆಯಲ್ಲಿದೆ. ಅದನ್ನು ಯಾರಾದರೊಬ್ಬರು ಹೊರಲೇಬೇಕೆಂಬುದನ್ನು ತಾವೂ ಒಪ್ಪುವಿರಿ.

ವೈದ್ಯರ ವರದಿ ತೃಪ್ತಿಕರವಾಗಿದೆ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ನೀಡಲಾಗಿದೆ. ಇನ್ನು ಉಳಿದಿರುವುದು ಅಂತಿಮ ಹೇಳಿಕೆ ಮಾತ್ರ. ಪ್ರಯಾಣದ ದಿನ ತಾವು ಎಲ್ಲಿಗೆ, ಯಾರನ್ನು ನೋಡಲು ಹೋದಿರಿ, ಅಲ್ಲಿ ಏನೇನು ಕಂಡಿರಿ, ಏನೇನು ಕೇಳಿದಿರಿ ಎಂಬುದನ್ನು ಏನೂ ಬಿಡದೆ ಸ್ವಂತ ಕೈಬರಹದಲ್ಲಿ ಬರೆದು, ಕೊನೆಗೆ 'ಈ ಪ್ರಯಾಣವನ್ನು ನಾನೇ ಮಾಡಿದ್ದೇನೆ' ಎಂದು ಸಹಿ ಹಾಕತಕ್ಕದ್ದು.

ತಮ್ಮ ವಿಶ್ವಾಸಿ,
ಅಧಿಕಾರಿ, ಗಾಯ ಮತ್ತು ದೂರು ವಿಭಾಗ


ಮೇ 1

ಅಕ್ಕಾ,

ಈ ಸಲ ಎಡಗೈ ನನ್ನದು. ಬಲಗೈಯ ಎರಡು ಬೆರಳು ಮಡಚಿಕೊಂಡಿವೆ. ನನ್ನ ಅಕ್ಷರ ನಿನ್ನ ಫೆಬ್ರವರಿಯ ಅಕ್ಷರದ ಪಡಿಯಚ್ಚು. ಪಕ್ಕದಲ್ಲಿಟ್ಟರೆ ಯಾವುದು ಯಾರದೆಂದು ನನಗೇ ತಿಳಿಯುವುದಿಲ್ಲ.

ಬೈಯಬೇಡ, ಅಂತಿಮ ಹೇಳಿಕೆ ಬರೆಯಲು ಕೂತೆ. ಆಪರೇಷನ್ ಈಗ ಬೇಕಾಗಿರುವುದು ನನಗೆ. ವಿಮಾನದ ಸಂಗತಿ ಅರ್ಧ ಪುಟ ಬರೆದು ನಿಲ್ಲಿಸುವುದೆಂದುಕೊಂಡಿದ್ದೆ. ಕೈ ನಿಲ್ಲಲಿಲ್ಲ. ಟ್ಯಾಕ್ಸಿಯ ಬಾಗಿಲು ಎರಡು ಸಲ ಬಡಿದರೂ ಮುಚ್ಚಿಕೊಳ್ಳದ್ದನ್ನು ಬರೆದೆ. ಆಸ್ಪತ್ರೆಯ ಮೂರನೇ ಮಹಡಿ, ಆಗತಾನೇ ಒರೆಸಿದ ನೆಲ, "ಒದ್ದೆ ಇದೆ, ಜಾರ್ತೀರಾ" ಎಂದ ಹೆಂಗಸು. ಹಸಿರು ಪರದೆ, ಅದರ ಕಂಬಿಯ ಮೂರು ಬಳೆ ಕಳಚಿ ಒಂದು ಮೂಲೆ ಜೋತುಬಿದ್ದದ್ದು. ಸ್ಟೀಲ್ ಲೋಟ, ಅದರೊಳಗೆ ಚಮಚ. ಅಮ್ಮನ ಕೂದಲು.

ಅಮ್ಮನ ಕೂದಲು ಕತ್ತರಿಸಿದ್ದರಾ ಅಕ್ಕ? ನೀನು ನನಗೆ ಯಾವತ್ತೂ ಹೇಳಿಲ್ಲ. ನಾನು ಬರೆದೆ. ಬರೆದ ಮೇಲೆ ನನ್ನ ಅಂಗೈಗೆ ಆ ಮೋಟು ಕೂದಲು ಚುಚ್ಚಿತು.

ಅಮ್ಮ ಬಾಯಿ ತೆರೆದು ಏನೋ ಹೇಳಲು ಹೊರಟಳು. ಅಲ್ಲಿಗೆ ಪೆನ್ನು ಎತ್ತಿದೆ. ಅದನ್ನು ಕದ್ದು ಕೇಳಬಾರದು ಅನ್ನಿಸಿತು. ನಾನಾಗಿ ಕೇಳುವ ತನಕ ಎತ್ತುವುದಿಲ್ಲ ಎಂದು ನೀನು ಬರೆದಿದ್ದೆ. ಈಗ ಕೇಳುತ್ತಿದ್ದೇನೆ. ಅಮ್ಮ ಏನಂದಳು?

ನಿನ್ನ ತಂಗಿ


ಮೇ 6

ಬಾಲವೇ,

ಪರದೆ ಹಸಿರೆಂದು ನಿನ್ನ ಪತ್ರ ನೋಡಿ ತಿಳಿದುಕೊಂಡೆ. ಕಣ್ಣು ಮುಚ್ಚಿದರೆ ನನಗೆ ಅಲ್ಲಿ ಪರದೆಯೇ ಕಾಣುವುದಿಲ್ಲ. ಕೈ ನೋವು ನಿನ್ನ ಕಡೆ ಹೋದ ಹಾಗೆ ಇದೂ ಹೋಗುತ್ತಿದೆ. ಪೂರ್ತಿ ಹೋಗುವ ಮೊದಲು ಹೇಳಿಬಿಡುತ್ತೇನೆ.

ನಾನು ಹೋದಾಗ ಅಮ್ಮನ ಕಣ್ಣಿಗೆ ಮಂಜು ಕವಿದಿತ್ತು. ನರ್ಸ್ ಕಿವಿಯ ಹತ್ತಿರ ಬಾಗಿ, "ನಿಮ್ಮ ಚಿಕ್ಕ ಮಗಳು ಬಂದಿದಾರೆ" ಅಂದಳು. ನನ್ನ ಕೈಗೆ ಬಟ್ಟೆ ಸುತ್ತಿತ್ತು, ಊದಿಕೊಂಡಿತ್ತು. ಅಮ್ಮ ಅದೇ ಕೈ ಹಿಡಿದು, "ಬಾಲ ಬಂತಾ?" ಅಂದಳು. ಅಲ್ಲ, ದೊಡ್ಡವಳು ಅನ್ನಬೇಕಿತ್ತು. "ಬಂದೆ ಅಮ್ಮ" ಅಂದೆ. ಅಷ್ಟು ನೋಯುತ್ತಿದ್ದರೂ ಕೈ ಬಿಡಿಸಿಕೊಳ್ಳಲಿಲ್ಲ. ಲೋಟದ ನೀರನ್ನು ಚಮಚದಲ್ಲಿ ಎರಡು ಸಲ ಕುಡಿಸಿದೆ. ಆಮೇಲೆ ಅಮ್ಮ ಹೇಳಿದಳು: "ಅವತ್ತು ಬಾಗಿಲು ಹಾಕಿದ್ದು ಹೌದು. ಚಿಲಕ ಹಾಕಿರ್ಲಿಲ್ಲ ಕಣೇ. ಒಳಗಡೆ ನಿಂತೇ ಇದ್ದೆ. ನೀನು ತಳ್ಳಿ ನೋಡ್ಲೇ ಇಲ್ಲ."

ನಾಲ್ಕು ಗಂಟೆಗೆ ಅಮ್ಮನ ಕೈ ಸಡಿಲವಾಯಿತು.

ಆ ಮಾತು ನಿನ್ನದು. ನಿನ್ನ ಹೆಸರಿನಲ್ಲಿ ಇಸಿದುಕೊಂಡು ಇಷ್ಟು ದಿನ ಇಟ್ಟುಕೊಂಡೆ. ತಪ್ಪಾಯಿತು, ತೆಗೆದುಕೋ. ಆದರೆ ಆ ಹೊತ್ತು ಪಕ್ಕದಲ್ಲಿ ಕೂತಿದ್ದವಳು ನಾನು. ಕೈ ಹೋದರೂ ಹೋಗಲಿ, ಅದನ್ನು ಮಾತ್ರ ಕೊಡಲಾರೆ. ಇಷ್ಟನ್ನು ನನ್ನ ಕೈಯಲ್ಲೇ ಬರೆಯುತ್ತಿದ್ದ ಹಾಗೆ ಪರದೆಯ ಹಸಿರು ಮತ್ತೆ ಕಂಡಿತು, ಲೋಟಕ್ಕೆ ಚಮಚ ತಗುಲಿದ ಸದ್ದೂ ಕೇಳಿಸಿತು. ಬೆರಳೂ ಸ್ವಲ್ಪ ನೋಯುತ್ತಿದೆ, ಸಂತೋಷವಾಗುತ್ತಿದೆ.

ಆ ಹೇಳಿಕೆಯನ್ನು ಹರಿದುಹಾಕು. ಸಹಿ ಹಾಕಬೇಡ. ಕೈ ಮುಗಿದು ಕೇಳುತ್ತೇನೆ.

ನಿನ್ನ ಅಕ್ಕ


ಮೇ 21

ಮಾನ್ಯರೇ,

ಹನ್ನೊಂದು ಪುಟಗಳ ತಮ್ಮ ಅಂತಿಮ ಹೇಳಿಕೆ ಸಹಿಯೊಂದಿಗೆ ತಲುಪಿದೆ. ಕೈಬರಹ ಈಗ ಗಾಯಾಳುವಿನದೇ ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಕೊನೆಯ ಪುಟದ ಚಿಲಕದ ಪ್ರಸಂಗ ನಮ್ಮ ವಿಭಾಗದವರೆಲ್ಲರ ಮನಸ್ಸನ್ನೂ ತಟ್ಟಿತು.

ಶಸ್ತ್ರಚಿಕಿತ್ಸೆಯನ್ನು ಜೂನ್ 3ಕ್ಕೆ ನಿಗದಿಪಡಿಸಲಾಗಿದೆ. ಪ್ರಯಾಣಿಕರ ಪಟ್ಟಿಯಲ್ಲಿ ಇದ್ದ ವ್ಯತ್ಯಾಸ ಸರಿಹೋಗಿರುವುದರಿಂದ ಈ ಕಡತವನ್ನು ಮುಚ್ಚಲಾಗಿದೆ. ನಮ್ಮೊಂದಿಗೆ ಮತ್ತೆ ಪ್ರಯಾಣಿಸುವಿರೆಂದು ಆಶಿಸುತ್ತೇವೆ.

ತಮ್ಮ ವಿಶ್ವಾಸಿ,
ಅಧಿಕಾರಿ, ಗಾಯ ಮತ್ತು ದೂರು ವಿಭಾಗ


ಜೂನ್ 12

ಪ್ರೀತಿಯ ತಂಗಿಗೆ,

ಆಪರೇಷನ್ ಆಯಿತೆಂದು ನಿನ್ನ ಪ್ರೆಸ್ಸಿನವರು ಫೋನ್ ಮಾಡಿ ಹೇಳಿದರು. ನನಗೇಕೆ ಮೊದಲೇ ತಿಳಿಸಲಿಲ್ಲ? ನಾನು ಬಂದು ನಾಲ್ಕು ದಿನ ಅಡುಗೆ ಮಾಡಿಹಾಕುತ್ತಿದ್ದೆ. ಆ ವಿಮಾನದವರು ಕೊನೆಗೂ ದಾರಿಗೆ ಬಂದರಲ್ಲ, ಅಷ್ಟೇ ಸಮಾಧಾನ. ಇಲ್ಲಿ ಅಂಗಡಿಯಲ್ಲಿ ಮದುವೆ ಕೋಟುಗಳು ರಾಶಿ ಬಿದ್ದಿವೆ, ದಿನಕ್ಕೆ ಆರು ಕತ್ತರಿಸುತ್ತೇನೆ.

ಒಂದು ವಿಷಯ ಕೇಳಬೇಕೆಂದು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೇನೆ, ಧೈರ್ಯ ಬಂದಿರಲಿಲ್ಲ. ಅವತ್ತು ನಿನ್ನನ್ನು ಏರ್‌ಪೋರ್ಟಿನಲ್ಲಿ ಬಿಟ್ಟು ನಾನು ರೈಲು ಹತ್ತಿ ಮನೆಗೆ ಬಂದೆ. ಅಮ್ಮ ಸಾಯುತ್ತಿದ್ದಳು, ನಾನೇಕೆ ಮನೆಗೆ ಬಂದೆ? ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಯಾವ ಮಗಳು ಹಾಗೆ ಮಾಡುತ್ತಾಳೆ? ಈಚೆಗೆ ಅಂಗಡಿಯ ಬಾಗಿಲು ಮುಚ್ಚಿದ್ದರೆ ತಳ್ಳಲು ಭಯವಾಗುತ್ತದೆ. ಬೆವೆತು ನಿಂತುಬಿಡುತ್ತೇನೆ, ಯಾರಾದರೂ ಬಂದು ತೆಗೆಯಬೇಕು.

ನಿನ್ನ ಬೋರ್ಡಿಂಗ್ ಪಾಸಿನ ತುಂಡು ನನ್ನ ಕೈಚೀಲದಲ್ಲಿದೆ, ಹದಿನೇಳನೇ ಸಾಲಿನದು. ಹೇಗೆ ಬಂತೋ ಗೊತ್ತಿಲ್ಲ. ಬೇಕಿದ್ದರೆ ಕಳಿಸುತ್ತೇನೆ.

ಕೊನೆಯ ಹೊತ್ತಿನಲ್ಲಿ ನೀನಾದರೂ ಇದ್ದೆಯಲ್ಲ. ಅಮ್ಮ ಹೇಗಿದ್ದಳು? ನನ್ನನ್ನು ಕೇಳಿದಳಾ?

ನಿನ್ನ ಅಕ್ಕ


ಜೂನ್ 20

ಅಕ್ಕಾ,

ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ, ಯಾಕೆಂದರೆ ಪಕ್ಕದಲ್ಲಿ ನೀನೇ ಕೂತಿದ್ದೆ. ನಾನು ಅಲ್ಲಿಗೆ ಹೋಗಿಯೇ ಇಲ್ಲ. ತಮಾಷೆ ಮಾಡುತ್ತಿದ್ದಾಳೆ ಎಂದುಕೊಳ್ಳಬೇಡ, ಪೂರ್ತಿ ಓದು.

ಸಹಿ ಹಾಕಬೇಡವೆಂದು ನೀನು ಕೈ ಮುಗಿದು ಬೇಡಿಕೊಂಡಿದ್ದೆ. ನಾನು ಹಾಕಿದೆ. ಬೆರಳು ಮಡಚಿಹೋಗುತ್ತಿತ್ತು, ಆಪರೇಷನ್ ಬೇಕಿತ್ತು ಎಂದು ನೆಪ ಹೇಳಬಹುದು. ಅದು ಅರ್ಧ ನಿಜ. ಅಮ್ಮ ನನ್ನ ಕೈ ಹಿಡಿದದ್ದು ನನಗೇ ಬೇಕಿತ್ತು, ಅದು ಉಳಿದರ್ಧ. ಮೂರು ವರ್ಷ ಹಸಿದವಳು ನಾನು, ಬಾಚಿಕೊಂಡುಬಿಟ್ಟೆ. ಒಂದು ತಿಂಗಳು ದಿನಾ ನಾಲ್ಕು ಗಂಟೆಗೆ ಅಮ್ಮ ನನ್ನ ಕೈ ಹಿಡಿದಳು, ಚಿಲಕ ಹಾಕಿರಲಿಲ್ಲ ಎಂದಳು. ಅಷ್ಟು ಸುಖವಾಗಿ ನಾನು ಯಾವತ್ತೂ ಅತ್ತಿರಲಿಲ್ಲ. ಅದರ ಬದಲಿಗೆ ನನ್ನ ಹತ್ತಿರ ಏನಿತ್ತೋ ಅದು ನಿನ್ನ ಕಡೆಗೆ ಬಂದಿದೆಯೆಂದು ಹೊಳೆಯಲಿಲ್ಲ. ನೀನು ಮುಚ್ಚಿದ ಬಾಗಿಲ ಮುಂದೆ ಬೆವೆತು ನಿಲ್ಲುವುದನ್ನು ಓದಿದೆ. ಆ ಬೆವರು ನನ್ನದು ಅಕ್ಕ.

ನಿನ್ನ ಮೇ ಆರರ ಪತ್ರ ಇದರೊಳಗಿದೆ. ನೀನು ಸುಡು ಎಂದಿದ್ದೆ, ನಾನು ಸುಡಲಿಲ್ಲ. ಮೂಲಪ್ರತಿ ಸುಡುವುದು ನಮ್ಮ ಕಸುಬಿನಲ್ಲಿಲ್ಲ. ಅಕ್ಷರ ನೋಡು, ನಿನ್ನದೇ ಬಲಗೈಯದು. ಒಂದು ಹಾಳೆ ತೆಗೆದುಕೊಂಡು ಅದರಲ್ಲಿರುವ ಅಮ್ಮನ ಭಾಗವನ್ನಷ್ಟೇ ನಿಧಾನವಾಗಿ ನಕಲು ಮಾಡು. 'ನಾನು ಹೋದಾಗ' ಎಂದು ಶುರುವಾಗಿ 'ಸಡಿಲವಾಯಿತು' ಎಂಬಲ್ಲಿಗೆ ಮುಗಿಯುತ್ತದೆ. ಕೈಗೆ ಬಟ್ಟೆ ಸುತ್ತಿತ್ತು ಎಂಬ ಸಾಲನ್ನೂ, ಅಷ್ಟು ನೋಯುತ್ತಿದ್ದರೂ ಎಂಬ ಮಾತನ್ನೂ ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೇನೆ, ಅವು ಬೇಡ. ಬಾಕಿಯದನ್ನು ಒಂದು ಅಕ್ಷರವೂ ಬಿಡದೆ, ನಾನು ಎಂದೇ ಬರೆ. ಕೆಳಗೆ ನಿನ್ನ ಸಹಿ ಹಾಕು, ನನ್ನದಲ್ಲ.

ಫೆಬ್ರವರಿ, ಮಾರ್ಚಿನ ಪತ್ರಗಳನ್ನು ಕಳಿಸುವುದಿಲ್ಲ. ವಿಮಾನವೂ ಪೆಟ್ಟಿಗೆಯೂ ಅದರಲ್ಲಿವೆ, ಅವು ನನ್ನ ಹತ್ತಿರವೇ ಇರಲಿ. ಆ ಸೀಟು ನನ್ನದಾಗಿತ್ತು, ಪೆಟ್ಟೂ ನನ್ನದೇ. ಹೆಬ್ಬೆರಳು ಉಳಿಯಿತು, ಎರಡು ಬೆರಳು ಮಡಚಿದಲ್ಲೇ ನಿಂತವು. ಕರಡು ತಿದ್ದಲು ಎಡಗೈ ಸಾಕು. ಕೋಟು ಕತ್ತರಿಸಲು ಸಾಲುತ್ತಿರಲಿಲ್ಲ.

ನೀನು ಬರೆದು ಮುಗಿಸಿದ ಮೇಲೆ, ಬಹುಶಃ ಒಂದು ವಾರದೊಳಗೆ, ನನ್ನಿಂದ ನಿನಗೊಂದು ಪತ್ರ ಬರುತ್ತದೆ. ಅಮ್ಮನ ಹತ್ತಿರ ನೀನು ಹೋಗಿದ್ದೆಯಲ್ಲ, ಏನಂದಳು ಎಂದು ಅದರಲ್ಲಿ ಕೇಳಿರುತ್ತೇನೆ. ಇವಳಿಗೆ ಎಷ್ಟು ಸಲ ಹೇಳುವುದು ಎಂದು ಬೈಯಬೇಡ. ಚಿಲಕದ ಮಾತನ್ನು ಹೇಳು.

ನಿನ್ನ ಬಾಲ